ಪಾದ್ರಿಯ ಕಾಲು

ಘಾನಾ ದೇಶದಲ್ಲಿ, ಅಸಾಂಟೆ ಜನರ ಕುಮಾಸಿ ಪಟ್ಟಣದಿಂದ ಅರ್ಧ ದಿನದ ದಾರಿಯಲ್ಲಿ, ಕಾಡು ಸವೆದು ಕೋಕೋ ತೋಟವಾದ ಇಳಿಜಾರಿನಲ್ಲಿ ಒಂದು ಬುಗ್ಗೆಯಿದೆ. ಹಾಸುಬಂಡೆಯ ಅಡಿಯಿಂದ ಒಸರುವ ನೀರು ಸಣ್ಣ ಹೊಂಡವಾಗಿ ನಿಂತಿದೆ. ದಡದಲ್ಲಿ ಸುಣ್ಣ ಬಳಿದ ಪುಟ್ಟ ಚರ್ಚು. ಅದರ ಹಲಗೆಯ ಮೇಲೆ 'ಪವಿತ್ರ ಬುಗ್ಗೆ' ಎಂದು ಬರೆದಿದೆ. ಊರಿನವರ ಬಾಯಲ್ಲಿ ಮಾತ್ರ ಅದು 'ಒಸೊಫೊ ನಾನ್', ಎಂದರೆ ಪಾದ್ರಿಯ ಕಾಲು. ಹಾಗೆಂದ ಮೇಲೆ ಪಕ್ಕಕ್ಕೆ ತಿರುಗಿ ಒಮ್ಮೆ ಉಗುಳುತ್ತಾರೆ. ಉಗುಳದಿದ್ದರೆ ಹೆಸರು ಪೂರ್ತಿಯಾಗದು.

ಹಿಂದೆ ಒಮ್ಮೆ, ಕುಮಾಸಿಯ ಅರಸರು ಇನ್ನೂ ಮೆರೆಯುತ್ತಿದ್ದ ಕಾಲದಲ್ಲಿ, ಈ ಬುಗ್ಗೆಯ ತಾಯಿಗೆ ಬಿರಾಗೊ ಎಂಬ ವಿಧವೆ ಪೂಜಾರಿಣಿಯಾಗಿದ್ದಳು ಎನ್ನುತ್ತಾರೆ. ಕಟ್ಟಳೆ ಒಂದೇ: ನೀರಿಗೆ ಕಾಲಿಡಬಾರದು. ಬಂಡೆಯ ಮೇಲೆ ನಿಂತು, ಉದ್ದ ಹಿಡಿಯ ಸೋರೆಬುರುಡೆಯಿಂದ ಮೊಗೆಯಬೇಕು. ಏಕೆಂದು ಕೇಳಿದರೆ, "ತಾಯಿಗೆ ಕಾಲು ಕಂಡರೆ ಆಗದು" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಅವಳಿಗೂ ತಿಳಿದಿರಲಿಲ್ಲ. ಆಗ ಕಡಲ ಕಡೆಯಿಂದ ಹೆಲ್ವಿಗ್ ಎಂಬ ಪಾದ್ರಿ ಬಂದ. ಜ್ವರಕ್ಕೆ ಬಲಿಯಾದ ಇಬ್ಬರು ಜೊತೆಗಾರರನ್ನು ದಾರಿಯಲ್ಲೇ ಮಣ್ಣುಮಾಡಿ, ಸಿಕ್ಕ ಸಿಕ್ಕ ಹೊಂಡದ ನೀರು ಕುಡಿದು, ಕುಂಟುತ್ತ ಬಂದಿದ್ದ. ಗಟ್ಟಿ ಮನುಷ್ಯನೇ, ಇಲ್ಲವೆನ್ನಲಾಗದು. ಊರಿನ ಭಾಷೆ ಕಲಿತ, ತನ್ನ ಕೈಯಾರೆ ಶಾಲೆಗೆ ಹುಲ್ಲು ಹೊದಿಸಿದ. ಆದರೆ ಬಿರಾಗೊಗೆ ಅವನೆಂದರೆ ಅಸಹ್ಯ. ಬೆಳಿಗ್ಗೆ ಸಂಜೆ ಮೀಯುವ ಜನರ ನಡುವೆ ಅವನು ವಾರಕ್ಕೊಮ್ಮೆ ಮೀಯುತ್ತಿದ್ದ. ಮೂಗು ಸೀಟಿದ್ದನ್ನು ಬಟ್ಟೆಯಲ್ಲಿ ಸುತ್ತಿ, ಚಿನ್ನದ ಪುಡಿಯೋ ಎಂಬಂತೆ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದ. ಅವಳ ಒಬ್ಬಳೇ ಮಗಳು ಡುಫಿಯೆ ಅವನಲ್ಲಿ ಹಾಡು, ಹೊಲಿಗೆ ಕಲಿತು, ಕೊನೆಗೆ ಅವನು ಎಬ್ಬಿಸಿದ ಕ್ರೈಸ್ತರ ಕೇರಿಗೇ ಹೋಗಿ ಸೇರಿಕೊಂಡಳು.

ಒಂದು ದಿನ ಪಾದ್ರಿ ಊರನ್ನೆಲ್ಲ ಬುಗ್ಗೆಯ ಬಳಿ ಕೂಡಿಸಿ, "ನಿಮ್ಮ ತಾಯಿ ಇದ್ದರೆ ನನ್ನನ್ನು ನುಂಗಲಿ" ಎಂದು ಸಾರಿ, ಕಾಲಿನ ಪಟ್ಟಿ ಬಿಚ್ಚಿ ನೀರಿಗಿಳಿದ. ಹತ್ತಿರವೇ ನಿಂತಿದ್ದ ಬಿರಾಗೊ ಎಲ್ಲವನ್ನೂ ಕಂಡಳು. ಅವನ ಹಿಮ್ಮಡಿಯ ಹುಣ್ಣಿನಿಂದ ಬಿಳಿಯ ದಾರವೊಂದು ಇಣುಕುತ್ತಿತ್ತು. ನೀರು ತಾಗಿದೊಡನೆ ಅದು ಹಾಲಿನಂಥದ್ದೇನನ್ನೋ ಕಾರಿತು. ಉರಿಯುವ ಹುಣ್ಣಿಗೆ ತಂಪು ಸಿಕ್ಕ ಸುಖಕ್ಕೆ ಪಾದ್ರಿಯ ಕಣ್ಣು ಮುಚ್ಚಿಹೋಯಿತು. ಜನ ಅದನ್ನೇ ಪ್ರಾರ್ಥನೆ ಎಂದುಕೊಂಡರು. ಅವನು ಮುಳುಗಲಿಲ್ಲ, ಸಾಯಲೂ ಇಲ್ಲ. "ಏನಜ್ಜಿ, ನಿನ್ನ ತಾಯಿಗೆ ನಿದ್ದೆಯೋ?" ಎಂದು ಪಡ್ಡೆಗಳು ನಕ್ಕರು. ಅಂದಿನಿಂದ ಎಲ್ಲರೂ ಸೊಂಟದವರೆಗೆ ಇಳಿದು ನೀರು ತುಂಬಿದರು. ಬಿರಾಗೊ ಒಬ್ಬಳೇ ಗುಡ್ಡದಾಚೆಯ ತೊರೆಯಿಂದ ಹೊತ್ತು ತಂದಳು. "ಅದನ್ನು ಕುಡಿಯಬೇಡ ಮಗಳೇ, ಅಸಹ್ಯ" ಎಂದರೆ ಡುಫಿಯೆ, "ಅವ್ವಾ, ನಿನಗೆ ಹೊಟ್ಟೆಕಿಚ್ಚು" ಎಂದಳು.

ಮುಂದಿನ ಬಿತ್ತನೆಯ ಹೊತ್ತಿಗೆ ಊರಿಗೆ ಊರೇ ಮಲಗಿತು. ನಮ್ಮ ರಾಯಚೂರು ಕಡೆಯ ಹಳಬರು ನಾರುಹುಣ್ಣು ಎನ್ನುತ್ತಿದ್ದರಲ್ಲ, ಅದೇ. ಮೊದಲು ಬೊಬ್ಬೆ, ಆಮೇಲೆ ಬೆಂಕಿಯಂಥ ಉರಿ, ಆಮೇಲೆ ಮೊಳಗಟ್ಟಲೆ ಹುಳು. ಡುಫಿಯೆಯ ಕಾಲಿನಿಂದ ಹೊರಬಂದ ತುದಿಯನ್ನು ಬಿರಾಗೊ ಕಡ್ಡಿಗೆ ಸುತ್ತಿದಳು. ದಿನಕ್ಕೆ ಒಂದೇ ಸುತ್ತು, ತುಂಡಾದರೆ ಕಾಲು ಕೊಳೆತೀತು. ಸುತ್ತುವಾಗ ಅವಳಿಗೆ ಗುರುತು ಹತ್ತಿತು: ಅದೇ ಬಿಳಿಯ ದಾರ.

ಊರ ನಾಯಕ ಸಭೆ ಕರೆದ. ತಾಯಿ ಮುನಿದಿದ್ದಾಳೆ, ಕ್ರೈಸ್ತರ ಕೇರಿಗೆ ಬೆಂಕಿಯಿಟ್ಟು ಅಲ್ಲಿಯವರನ್ನೆಲ್ಲ ಕಾಡಿಗಟ್ಟಬೇಕು ಎಂದು ಜನ ಕೂಗಿದರು. ಪೂಜಾರಿಣಿ ಹೂಂ ಎಂದರೆ ಸಾಕಿತ್ತು. ಕಳೆದ ಮಾನ ಮರಳುತ್ತಿತ್ತು, ಹರಕೆಯ ಕುರಿಗಳೂ ಬರುತ್ತಿದ್ದವು. ಆದರೆ ನಡೆಯಲಾರದ ಮಗಳು ಮಲಗಿದ್ದುದು ಅದೇ ಕೇರಿಯಲ್ಲಿ.

"ಹೇಳಮ್ಮಾ, ಇದು ಯಾರ ಕೆಲಸ? ತಾಯಿಯದೋ, ಅವರ ದೇವರದೋ?" ಎಂದು ನಾಯಕ ಕೇಳಿದ.

ಬಿರಾಗೊ ಎದ್ದು ನಿಂತಳು. "ತಾಯಿ ಏನೂ ಮಾಡಲಿಲ್ಲ. ಅವನ ದೇವರೂ ಮಾಡಲಿಲ್ಲ. ಪಾದ್ರಿಯ ಕಾಲು" ಎಂದು ಕಂಡದ್ದನ್ನೆಲ್ಲ ಹೇಳಿ, ಪಕ್ಕಕ್ಕೆ ಉಗುಳಿದಳು.

ಕೇರಿ ಉಳಿಯಿತು. ಊರು ಬುಗ್ಗೆಯನ್ನು ಬಿಟ್ಟು ತೊರೆಯ ದಾರಿ ಹಿಡಿಯಿತು. ಏನೂ ಮಾಡದ ತಾಯಿಗೆ ಮತ್ತೆ ಯಾರೂ ಹರಕೆ ಹೊರಲಿಲ್ಲ. ಪಾದ್ರಿ ಆ ಮಾತಿನಲ್ಲಿ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡ. ಮುಂದಿನ ಭಾನುವಾರ, "ತಮ್ಮ ತಾಯಿ ಏನೂ ಮಾಡಲಾರಳೆಂದು ಪೂಜಾರಿಣಿಯೇ ಒಪ್ಪಿಕೊಂಡಳು!" ಎಂದು ಆನಂದಬಾಷ್ಪ ಸುರಿಸಿ, ಬಟ್ಟೆಯಲ್ಲಿ ಮೂಗು ಸೀಟಿ, ಜೇಬಿಗಿಳಿಸಿದನಂತೆ. ಡುಫಿಯೆ ಹಾಡಿನ ನಡುವೆಯೇ ಎದ್ದು, ಕುಂಟುತ್ತ ಅವ್ವನ ಮನೆಗೆ ನಡೆದಳು.

ಈಗ ಊರಿಗೆ ಕೊಳವೆಬಾವಿ ಬಂದಿದೆ, ಆ ಹುಳುವೂ ಇಲ್ಲವಾಗಿದೆ. ಹಬ್ಬದ ದಿನಗಳಲ್ಲಿ ಬಸ್ಸುಗಟ್ಟಲೆ ಯಾತ್ರಿಕರು ಬಂದು, ಪಾದ್ರಿ ಹರಸಿದ ನೀರೆಂದು ಪ್ಯಾಂಟು ಮಡಚಿ ಬುಗ್ಗೆಗೆ ಇಳಿಯುತ್ತಾರೆ. ಕಣ್ಣು ಮುಚ್ಚಿ ಪಾದ ಉಜ್ಜಿಕೊಂಡು, ಅದೇ ನೀರನ್ನು ಮನೆಯವರಿಗೆಂದು ಬಾಟಲಿಗೆ ತುಂಬಿಕೊಳ್ಳುತ್ತಾರೆ. ಬಂಡೆಯ ಮೇಲೆ ಕುಳಿತು ಕಡಲೆಕಾಯಿ ಮಾರುವ ಬಿರಾಗೊವಿನ ವಂಶದ ಮುದುಕಿ, ಚಿಲ್ಲರೆ ಎಣಿಸಿಕೊಟ್ಟು, ಅವರ ಕಾಲುಗಳನ್ನೊಮ್ಮೆ ನೋಡಿ, ಪಕ್ಕಕ್ಕೆ ತಿರುಗುತ್ತಾಳೆ.