ಬದನೆಕಾಯಿ ಅಳಿಸಿದ ಕೊಟ್ರಬಸಪ್ಪ

ಒಂದಾನೊಂದು ಊರಿನಲ್ಲಿ ಅಂತ ಶುರು ಮಾಡೋಣವೆಂದರೆ ಇದು ಒಂದೂರಿನ ಕತೆಯಲ್ಲ, ಏಳೂರಿನದು. ಏಳೂರಿಗೂ ಸೇರಿ ಮೇಲೆ ಒಂದು ಬಲೆ ಕಟ್ಟಿದ್ದರು. ಬಲೆಯ ನಟ್ಟನಡುವೆ ಒಂದು ಪುಸ್ತಕ ತೂಗುತ್ತಿತ್ತು. ಯಾವ ಊರಲ್ಲಿ ನಿಂತು ದಾರ ಜಗ್ಗಿದರೂ ಪುಸ್ತಕ ಅಲ್ಲಿಗೆ ಬರುತ್ತಿತ್ತು. ಅದರಲ್ಲಿ ಲೋಕದ ಒಂದೊಂದು ವಸ್ತುವಿಗೂ ಒಂದೊಂದು ಹಾಳೆ. ಯಾರು ಬೇಕಾದರೂ ಓದಬಹುದು. ಯಾರು ಬೇಕಾದರೂ ಬರೆಯಬಹುದು. ಯಾರು ಬೇಕಾದರೂ ಅಳಿಸಬಹುದು.

ಪುಸ್ತಕದಲ್ಲಿ ಹೇಗೆ ಬರೆದಿತ್ತೋ ವಸ್ತುಗಳು ಹಾಗೇ ಇರುತ್ತಿದ್ದವು. ಇದು ಯಾರೂ ಮಾಡಿದ ನಿಯಮವಲ್ಲ. ವಸ್ತುಗಳೇ ತಮ್ಮ ಹಾಳೆ ಓದಿ ಓದಿ ಹಾಗೆ ರೂಢಿ ಮಾಡಿಕೊಂಡಿದ್ದವು.

ಈ ಏಳೂರಲ್ಲಿ ತಿದ್ದೂರು ಅಂತ ಒಂದು. ಅಲ್ಲಿಗೆ ಕೊಟ್ರಬಸಪ್ಪ ಎಂಬ ಹಗ್ಗ ಹೊಸೆಯುವವನು ತನ್ನ ತಾಯಿ ಹಾಲವ್ವನನ್ನು ಕರೆದುಕೊಂಡು ಹೊಸದಾಗಿ ಬಂದ. ಹಿಂದಿನ ಊರಲ್ಲಿ ಹಾಲವ್ವ ಬದನೆಕಾಯಿ ಎಣಗಾಯಿ ಮಾಡಿದರೆ ಓಣಿಯವರೆಲ್ಲ ತಟ್ಟೆ ಹಿಡಿದು ಬರುತ್ತಿದ್ದರು. ತಿದ್ದೂರಲ್ಲಿ ಯಾರೂ ಬರಲಿಲ್ಲ. ಹಾಲವ್ವ ಬಾಗಿಲಲ್ಲಿ ಕೂತು ದಾರಿ ನೋಡುತ್ತಿದ್ದಳು. ಮಗನಿಗೆ ಇದನ್ನು ಸಹಿಸಲಾಗಲಿಲ್ಲ.

ಅವನು ಹೋಗಿ ದಾರ ಜಗ್ಗಿದ. ಪುಸ್ತಕ ಬಂತು. ಬದನೆಕಾಯಿಯ ಹಾಳೆ ತೆಗೆದ. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: "ನಮ್ಮವ್ವ ಹಾಲವ್ವನ ಎಣಗಾಯಿ ಲೋಕದಲ್ಲೇ ಮೊದಲನೆಯದು. ಇಂತಿ, ಕೊಟ್ರಬಸಪ್ಪ."

"ಯಾರು ಹೇಳಿದ್ದು?" ಅಂತ ಪುಸ್ತಕ ಕೇಳಿತು.

"ನಾನೇ."

"ನಿನಗೆ ಯಾರು ಹೇಳಿದ್ದು?"

"ನನ್ನ ನಾಲಿಗೆ."

"ನಾಲಿಗೆಗೆ ಕಾಲಿಲ್ಲ. ಸಾಕ್ಷಿ ಹೇಳಲಿಕ್ಕೆ ಬರೋದಿಲ್ಲ. ಬೇರೆಯವರನ್ನು ಕರ್ಕೊಂಡು ಬಾ."

ಕೊಟ್ರಬಸಪ್ಪ ಪಕ್ಕದ ಮನೆಯ ಗಾಣಿಗರ ಮಲ್ಲೇಶಿಗೆ ವಿಷಯ ಹೇಳಿ ಕರೆತಂದ. ಮಲ್ಲೇಶಿಯೂ ಅದನ್ನೇ ಹೇಳಿದ. "ನಿನಗೆ ಯಾರು ಹೇಳಿದ್ದು?" ಅಂತ ಪುಸ್ತಕ ಕೇಳಿತು. "ಈಗ ದಾರಿಯಲ್ಲಿ ಕೊಟ್ರಬಸಪ್ಪ ಹೇಳಿದ" ಅಂದ ಮಲ್ಲೇಶಿ. ಪುಸ್ತಕ ನಿಟ್ಟುಸಿರು ಬಿಟ್ಟು, ಬರೆದ ಸಾಲನ್ನು ಹಾಗೇ ಹೊತ್ತುಕೊಂಡು ಬಲೆಗೆ ವಾಪಸು ಹೋಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಿದ್ದೂರಿನ ದೊರೆಗೆ ಒಂದು ಚಟ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವ ಮೊದಲೇ ಪುಸ್ತಕ ಓದುತ್ತಿದ್ದ. ಓದಿದ್ದನ್ನು ಆಜ್ಞೆ ಮಾಡುತ್ತಿದ್ದ. ಆವತ್ತು ಓದಿದ. "ಮೊದಲನೆಯದು ಅಂದರೇನು ಮಂತ್ರಿ?"

"ಮೊದಲು ಅಂದರೆ ಮೊದಲು, ಮಹಾಸ್ವಾಮಿ."

"ಹಾಗಾದರೆ ಇದನ್ನು ಮೊದಲು ಉಣ್ಣಬೇಕು. ಹಾಲವ್ವನ ಎಣಗಾಯಿ ಉಣ್ಣದೆ ಲೋಕದಲ್ಲಿ ಯಾರೂ ಬೇರೆ ಏನೂ ಉಣ್ಣಕೂಡದು."

ಡಂಗುರ ಸಾರಿಸಿದರು. ಏಳೂರಿನ ಜನ ಹಾಲವ್ವನ ಬಾಗಿಲಿಗೆ ಸಾಲುಗಟ್ಟಿದರು. ಮೊದಲ ದಿನ ಹಾಲವ್ವನಿಗೆ ಹಿಗ್ಗೋ ಹಿಗ್ಗು. ಎರಡನೇ ದಿನ ಸೌಟು ಭಾರವಾಯಿತು. ಮೂರನೇ ದಿನ ಬಲಗೈ ಬಾತುಕೊಂಡು ಬಾಳೆದಿಂಡಿನ ಹಾಗಾಯಿತು.

"ಲೋಕ ಅಂದರೆ ಎಷ್ಟು ಮಂದಿ ಮಗಾ?" ಅಂತ ಕೇಳಿದಳು.

ಕೊಟ್ರಬಸಪ್ಪ ಅದನ್ನು ಯೋಚಿಸಿರಲಿಲ್ಲ. ಸಾಲಿನ ಕೊನೆ ನೋಡಲು ಮಾಳಿಗೆ ಹತ್ತಿದ. ಕೊನೆ ಕಾಣಲಿಲ್ಲ. ಇಳಿದವನೇ ಓಡಿದ.

ದಾರ ಜಗ್ಗಿದ. ತನ್ನ ಸಾಲು ಅಳಿಸಬೇಕು. ಒದ್ದೆ ಬಟ್ಟೆಯಿಂದ ಗಸಗಸ ಉಜ್ಜಿದ. ಒಂದು ಸಾಲು ಹೋಗುವ ಬದಲು ಹಾಳೆಗೆ ಹಾಳೆಯೇ ಅಳಿಸಿಹೋಯಿತು.

ಬದನೆಕಾಯಿಗಳು ಬಂದು ತಮ್ಮ ಹಾಳೆ ನೋಡಿದವು. ಖಾಲಿ. "ಹಾಗಾದರೆ ನಾವಿಲ್ಲ" ಅಂದವು. ಇಲ್ಲವಾದವು. ಗಿಡದಲ್ಲಿ ಇಲ್ಲ, ಬುಟ್ಟಿಯಲ್ಲಿ ಇಲ್ಲ. ಬಾಣಲೆಯಲ್ಲಿ ಬರೀ ಮಸಾಲೆ, ಬದನೆಕಾಯಿಯ ಆಕಾರಕ್ಕೆ ನಿಂತುಕೊಂಡಿತ್ತು. ಬದನೆಕಾಯಿ ಬಣ್ಣವೂ ಅವುಗಳ ಜೊತೆಗೆ ಹೋಯಿತು. ದೊರೆಯ ರುಮಾಲು ಅದೇ ಬಣ್ಣದ್ದು. ರುಮಾಲು ತಲೆ ಮೇಲಿದ್ದರೂ ಯಾರಿಗೂ ಕಾಣದು. ದೊರೆಯ ಬೋಳುತಲೆಯನ್ನು ಪ್ರಜೆಗಳು ಮೊದಲ ಸಲ ನೋಡಿದರು.

ದೊರೆ ಕೊಟ್ರಬಸಪ್ಪನನ್ನು ಹಿಡಿದು ತರಿಸಿದ. "ಸಂಜೆಯೊಳಗೆ ನನ್ನ ಬಣ್ಣ ಬರಬೇಕು. ಇಲ್ಲವಾದರೆ ನಿನ್ನ ಅವ್ವನಿಗೂ ಪುಸ್ತಕದಲ್ಲಿ ಒಂದು ಹಾಳೆ ಬರೆಸುತ್ತೇನೆ."

"ಬರೆಸಿ ಮಹಾಸ್ವಾಮಿ, ಸಂತೋಷ."

"ಬರೆಸಿ, ಆಮೇಲೆ ಅಳಿಸುತ್ತೇನೆ."

ಕೊಟ್ರಬಸಪ್ಪ ಓಡಿಹೋಗಿ ಮತ್ತೆ ದಾರ ಜಗ್ಗಿದ. ಬದನೆಕಾಯಿಯ ಹಾಳೆಯಲ್ಲಿ ಮುಂಚೆ ಏನಿತ್ತು ಅಂತ ಅವನಿಗೆ ನೆನಪಿಲ್ಲ. ಬರೆಯುವ ಅವಸರದಲ್ಲಿ ಅವನು ಓದಿಯೇ ಇರಲಿಲ್ಲ. ಪಕ್ಕದಲ್ಲೇ ಕುಂಬಳಕಾಯಿಯ ಹಾಳೆ ಕಂಡಿತು. ತುಂಬಿದ ಹಾಳೆ, ಚಂದದ ಹಾಳೆ. ಅದನ್ನು ಅಕ್ಷರ ಬಿಡದೆ ನಕಲು ಹೊಡೆದ. ಕುಂಬಳ ಅಂತಿದ್ದಲ್ಲೆಲ್ಲ ಬದನೆ ಅಂತ ಮಾಡಿದ.

ಬದನೆಕಾಯಿಗಳು ಬಂದು ಓದಿಕೊಂಡವು. ಬಳ್ಳಿಯಾಗಿ ಮಾಳಿಗೆ ಹತ್ತಿದವು. ಕೊಡದಷ್ಟು ದಪ್ಪಗಾದವು. ಮೂರು ಮನೆಯ ಮಾಳಿಗೆ ಕುಸಿಯಿತು. ದೊರೆಯ ರುಮಾಲು ಕುಂಬಳದ ಬಣ್ಣಕ್ಕೆ ತಿರುಗಿತು. ಒಂದು ಮುದಿ ಕುಂಬಳಕಾಯಿ ಉರುಳಿಕೊಂಡು ಬಂದು, "ನನ್ನ ಮಾತು ಕದ್ದೆಯಲ್ಲೋ!" ಅಂತ ಕೊಟ್ರಬಸಪ್ಪನ ಕಾಲಿಗೆ ಗುದ್ದಿತು.

ಅಷ್ಟರಲ್ಲಿ ದೂರದ ಯಾವುದೋ ಊರಲ್ಲಿ ಯಾರೋ ದಾರ ಜಗ್ಗಿ ಆ ನಕಲನ್ನು ಅಳಿಸಿದರು. ಬದನೆಕಾಯಿ ಮಾಯ. ಕೊಟ್ರಬಸಪ್ಪ ಮತ್ತೆ ಬರೆದ. ಬದನೆಕಾಯಿ ಪ್ರತ್ಯಕ್ಷ. ಅವರು ಅಳಿಸಿದರು. ಇವನು ಬರೆದ. ಅವರು ಅಳಿಸಿದರು. ಇವನು ಬರೆದ. ಬದನೆಕಾಯಿಯ ಮೇಲೆ ಒರಗಿ ನಿದ್ದೆ ಮಾಡುತ್ತಿದ್ದ ಮಲ್ಲೇಶಿ ಏಳು ಸಲ ನೆಲಕ್ಕೆ ಬಿದ್ದ, ಆರು ಸಲ ಎದ್ದ. ಪುಸ್ತಕಕ್ಕೆ ತಲೆಸುತ್ತು ಬಂತು.

ಆಗ ದಾರದ ಆ ತುದಿಯಲ್ಲಿದ್ದವನೇ ದಾರ ಹಿಡಿದುಕೊಂಡು ನಡೆದು ಬಂದ. ಫಕ್ಕೀರಜ್ಜ ಅಂತ ಅವನ ಹೆಸರು. ನಲವತ್ತು ವರ್ಷದಿಂದ ಆ ಪುಸ್ತಕದ ಕಸ ಗುಡಿಸುತ್ತಿದ್ದವನು. ಬೆರಳೆಲ್ಲ ಶಾಯಿ.

"ಹೊಸಬನೇನಪಾ?"

"ಹೌದಜ್ಜ. ಬೈಯಲಿಕ್ಕೆ ಬಂದಿರೇನು?"

"ಬೈಯಲಿಕ್ಕೇ ಹೊರಟಿದ್ದೆ. ನಡೆದು ನಡೆದು ಸಿಟ್ಟು ಇಳೀತು. ನಾನು ಹೊಸಬ ಇದ್ದಾಗ ಮಂಗಳವಾರಾನ ಅಳಿಸಿದ್ದೆ. ಆರು ವಾರ ಸೋಮವಾರದ ಮರುದಿನ ಏನು ಮಾಡಬೇಕು ಅಂತ ಯಾರಿಗೂ ತಿಳೀಲಿಲ್ಲ."

ಕೊಟ್ರಬಸಪ್ಪನಿಗೆ ಅಳು ಬಂದುಬಿಟ್ಟಿತು. "ಸಂಜೆ ಆಗ್ತಾ ಬಂತಜ್ಜ. ನಮ್ಮವ್ವನ್ನ ಅಳಿಸ್ತಾರೆ."

"ಪುಸ್ತಕಾನ ಒಂದು ಮಾತು ಕೇಳಿದೆಯೇನು, ಹಳೇದು ಐತೇನು ಅಂತ?"

ಇಲ್ಲ, ಕೇಳಿರಲಿಲ್ಲ. ಅಜ್ಜ ಉಗುರಿನಿಂದ ಹಾಳೆಯ ಮೂಲೆ ಕೆರೆದ. ಹಾಳೆಯ ಕೆಳಗೆ ಇನ್ನೊಂದು ಹಾಳೆ. ಅದರ ಕೆಳಗೆ ಮತ್ತೊಂದು. ಆ ಪುಸ್ತಕ ಯಾವುದನ್ನೂ ಬಿಸಾಡುತ್ತಿರಲಿಲ್ಲ. ಹದಿನೇಳನೇ ಹಾಳೆಯಲ್ಲಿ ಬದನೆಕಾಯಿ ಇದ್ದ ಹಾಗೇ ಇತ್ತು. ಅದನ್ನು ಮೇಲೆ ತಂದಿಟ್ಟರು. ಬದನೆಕಾಯಿಗಳು ಓದಿಕೊಂಡು ಮೈ ಕುಗ್ಗಿಸಿ ಗಿಡಕ್ಕೆ ಹೋದವು. ದೊರೆಯ ತಲೆ ಮುಚ್ಚಿತು. ಹಾಲವ್ವನ ಹೆಸರು ಹಾಳೆಯಲ್ಲಿ ಇಲ್ಲದ್ದರಿಂದ ಬಾಗಿಲ ಮುಂದಿನ ಜನರ ಸಾಲೂ ಕರಗಿತು.

ಅವ್ವ ಉಳಿದಳು. ಆದರೂ ಕೊಟ್ರಬಸಪ್ಪ ಹಾಳೆ ನೋಡುತ್ತ ನಿಂತ. "ನಮ್ಮವ್ವನ ಹೆಸರು ಎಲ್ಲೂ ಇಲ್ಲದಂಗಾತಲ್ಲ ಅಜ್ಜ."

"ಇದು ಬದನೆಕಾಯಿ ಹಾಳೆ ತಮ್ಮಾ. ಅವ್ವಗೆ ಬದನೆಕಾಯಿ ಬಗ್ಗೆ ಏನು ಗೊತ್ತೈತಿ, ಅದನ್ನ ಬರಿ."

ಕೊಟ್ರಬಸಪ್ಪ ಅವ್ವನನ್ನು ಕರೆತಂದ. ಅವಳಿಗೆ ಓದು ಬಾರದು. ಮಗ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ. ಹಾಲವ್ವ ನಡುವೆ ತಡೆದಳು. "ಏನಂದಿ? ತೊಟ್ಟು ತೆಗೆದು ಸೀಳಬೇಕು ಅಂತ ಬರದಾರಾ? ಯಾರವರು? ತೊಟ್ಟು ತೆಗೆದರೆ ಕಾಯಿ ಬಿಚ್ಚಿಕೊಂಡು ಮಸಾಲೆ ಎಲ್ಲ ಎಣ್ಣೆ ಪಾಲು. ತೊಟ್ಟು ಇರಬೇಕು ಅಂತ ಬರಿ."

ಬರೆದ. ಹೆಸರು ಹಾಕಲಿಲ್ಲ.

"ಯಾರು ಹೇಳಿದ್ದು?" ಅಂತ ಪುಸ್ತಕ ಕೇಳಿತು.

ಸಾಲಿನಲ್ಲಿ ಮೂರು ದಿನ ನಿಂತಿದ್ದ ನಲವತ್ತು ಹೆಂಗಸರು ಇನ್ನೂ ಮನೆಗೆ ಹೋಗಿರಲಿಲ್ಲ. "ಕಣ್ಣಾರೆ ಕಂಡೀವಿ. ಮನೆಗೆ ಹೋಗಿ ನಾವೂ ಮಾಡಿ ನೋಡ್ತೀವಿ" ಅಂದರು. ಮರುದಿನ ನಲವತ್ತು ಬಾಣಲೆ ತಂದು ತೋರಿಸಿದರು. ಪುಸ್ತಕ ಒಂದೊಂದನ್ನೂ ಮೂಸಿ ನೋಡಿ ಆ ಸಾಲನ್ನು ಇಟ್ಟುಕೊಂಡಿತು.

ಮಳೆಗಾಲ ಒಂದು ಹೋಯಿತು. ಹಾಲವ್ವನ ಕೈ ಬಾವು ಇಳಿಯಿತು, ನೋವು ಪೂರ್ತಿ ಇಳಿದಿರಲಿಲ್ಲ. ಒಂದು ಮಧ್ಯಾಹ್ನ ಬಾಗಿಲಲ್ಲಿ ಕೂತು ಬದನೆಕಾಯಿ ಹೆಚ್ಚುವಾಗ ಈಳಿಗೆಯ ಮೇಲೆ ಕೈ ಜಾರಿ ಒಂದರ ತೊಟ್ಟು ಹಾರಿತು. ದಾರಿಯಲ್ಲಿ ಹೋಗುತ್ತಿದ್ದ ಯಾರದೋ ಮನೆಯ ಸೊಸೆ, ಆ ಊರಿಗೆ ಹೊಸಬಳು, ನಿಂತು ಗದರಿಸಿದಳು. "ಅಯ್ಯ, ತೊಟ್ಟು ಯಾಕೆ ತೆಗೆದಿರಿ ಅತ್ತೀ? ತೆಗೀಬಾರದು. ಪುಸ್ತಕದಾಗ ಬರದೈತಿ."

ಒಳಗೆ ಹಗ್ಗ ಹೊಸೆಯುತ್ತಿದ್ದ ಕೊಟ್ರಬಸಪ್ಪ ಬಾಯಿ ತೆರೆದ. ಹಾಲವ್ವ ಕಣ್ಣಲ್ಲೇ ಅವನ ಬಾಯಿ ಮುಚ್ಚಿಸಿದಳು.

"ಹೌದೇನವ್ವ? ನನಗೆ ಗೊತ್ತಿರಲಿಲ್ಲ ನೋಡು" ಅಂದಳು. "ಒಳಗ ಬಾ. ಕೂತ್ಕೊಂಡು ಹೇಳಿಕೊಡು. ಊಟ ಮಾಡ್ಕೊಂಡೇ ಹೋಗೀಯಂತೆ."

ಇದರ ನೀತಿ ಏನು ಅಂತ ಕೇಳುವವರು ಬದನೆಕಾಯಿಯನ್ನೇ ಕೇಳಿ, ಅದು ಓದಿಕೊಂಡಿದೆ. ಕತೆ ನಂಬಿದವರು ಎದ್ದು ಕೈ ತೊಳೆಯಿರಿ. ನಂಬದವರು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ.