ಕೆಂಪು ಬಟ್ಟೆ ಕಾಣದ ಕಟ್ಟರ್

ಆಯುಧಪೂಜೆ ಕಳೆದ ನಾಲ್ಕನೆಯ ದಿನ, ತರಬೇತಿಯ ಕಡೆಯ ವಾರದಲ್ಲಿ, ಶಿವಮಾದು ತನ್ನ ಗುರುವನ್ನು ಒಂದು ಪ್ರಶ್ನೆ ಕೇಳಿದ.

"ಮೇಷ್ಟ್ರೇ, ಕಟ್ಟರ್ ನನ್ನ ಹೆಸರಿಗೆ ಕೊಟ್ಟಿರುವುದು. ಅದನ್ನು ಹಿಡಿಯುವ ಕೈಯೂ ನನ್ನದೇ. ಅದರಲ್ಲೊಂದು ಸಣ್ಣ ದೋಷವಿದ್ದರೆ ನಾನೇ ಹೇಗೋ ಸಂಭಾಳಿಸಿಕೊಂಡು ಹೋಗುತ್ತೇನೆ. ಪೆಟ್ಟಾದರೂ ನನಗೇ ತಾನೇ ಆಗುವುದು? ಅದನ್ನು ನಾಲ್ಕು ಜನಕ್ಕೆ ಹೇಳಲೇಬೇಕೇ?"

ಗುರುವಿನ ಹೆಸರು ಬೋರಲಿಂಗಯ್ಯ. ನೆಲದೊಳಗಿನ ವಿದ್ಯುತ್ ಕೇಬಲ್ಲುಗಳನ್ನು ಕತ್ತರಿಸುವುದನ್ನೂ ಜೋಡಿಸುವುದನ್ನೂ ಅವರು ಕಲಿಸುತ್ತಿದ್ದರು. ಅವರು ಶಿಷ್ಯನ ಮುಖ ನೋಡಲಿಲ್ಲ. ಅವನ ತೊಡೆಯ ಮೇಲಿದ್ದ ಕಟ್ಟರನ್ನು ನೋಡಿದರು. ಆಮೇಲೆ ಅವನ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನೋಡಿದರು. ಬಟ್ಟೆಯ ಒಂದು ಮೂಲೆ ಒದ್ದೆಯಾಗಿತ್ತು.

"ಕೂತುಕೊಳ್ಳಪ್ಪ," ಎಂದು ಹೇಳಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಕೇಬಲ್ ಕತ್ತರಿಸುವವನೊಬ್ಬನಿದ್ದ. ಅವನ ಜೊತೆಯಲ್ಲಿ ಕೇಬಲ್ ಜೋಡಿಸುವವನೊಬ್ಬನಿದ್ದ. ನೆಲದಡಿಯ ಕೇಬಲ್ ಕೆಟ್ಟಾಗ ಇಬ್ಬರೂ ಒಂದೇ ಗುಂಡಿಗೆ ಇಳಿಯುತ್ತಿದ್ದರು. ಒಬ್ಬ ಕತ್ತರಿಸಿದ ಮೇಲೆ ಇನ್ನೊಬ್ಬ ಜೋಡಿಸುತ್ತಿದ್ದ. ಹೀಗೆ ಹನ್ನೆರಡು ವರ್ಷ ನಡೆಯಿತು.

ಕತ್ತರಿಸುವವನ ಬಳಿ ಎಣ್ಣೆಯ ಒತ್ತಡದಿಂದ ನಡೆಯುವ ಕಟ್ಟರ್ ಇತ್ತು. ಅಲಗಿರುವ ತಲೆಯನ್ನು ಅವನು ಎರಡು ಕೈಯಲ್ಲಿ ಹಿಡಿಯುತ್ತಿದ್ದ. ತಲೆಯಿಂದ ಒಳಗೆ ತಂತಿ ಹೆಣೆದ ಒಂದು ರಬ್ಬರ್ ಪೈಪು ಹೊರಟು ಕೈಪಂಪಿಗೆ ಸೇರುತ್ತಿತ್ತು. ಜೋಡಿಸುವವನು ಪಂಪಿನ ಹಿಡಿ ಒತ್ತಿದರೆ ಎಣ್ಣೆ ಪೈಪಿನಲ್ಲಿ ಓಡಿ ಅಲಗನ್ನು ತಳ್ಳುತ್ತಿತ್ತು. ತೋಳಿನಷ್ಟು ದಪ್ಪದ ಕೇಬಲ್ಲೂ ಬಾಳೆದಿಂಡಿನ ಹಾಗೆ ಎರಡಾಗುತ್ತಿತ್ತು. ಆ ಎಣ್ಣೆಯ ಒತ್ತಡ ಎಷ್ಟೆಂದರೆ, ಒಂದು ಉಗುರಿನಗಲ ಜಾಗದ ಮೇಲೆ ಏಳುನೂರು ಕಿಲೋ ಭಾರ ಕೂತಂತೆ.

ಕತ್ತರಿಸುವವನು ಎಚ್ಚರದ ಮನುಷ್ಯ. ಕೇಬಲ್ಲಿನಲ್ಲಿ ವಿದ್ಯುತ್ ಇಲ್ಲವೆಂದು ಮೂರು ಸಲ ಪರೀಕ್ಷಿಸದೆ ಅಲಗು ಇಡುತ್ತಿರಲಿಲ್ಲ. ತಾಮ್ರ ಕತ್ತರಿಸುವ ಅಲಗನ್ನು ಉಕ್ಕಿನ ತಂತಿಗೆ ತಾಗಿಸುತ್ತಿರಲಿಲ್ಲ. ಅವನು ಹೆದರುತ್ತಿದ್ದುದು ವಿದ್ಯುತ್ತಿಗೆ. ಎಣ್ಣೆಗೆ ಅವನು ಹೆದರಲಿಲ್ಲ.

ಅವರ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಉಪಕರಣದಲ್ಲಿ ದೋಷ ಕಂಡವನು ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿ ಸ್ಟೋರಿಗೆ ಒಪ್ಪಿಸಬೇಕು. ರಿಪೇರಿ ಮಾಡಿದವನೇ ಆ ಗಂಟನ್ನು ಬಿಚ್ಚಬೇಕು. ಬೇರೆ ಯಾರೂ ಬಿಚ್ಚುವ ಹಾಗಿಲ್ಲ. ಅಲ್ಲಿಯವರೆಗೆ ಒಪ್ಪಿಸಿದವನಿಗೆ ಬೇರೆಯವರ ಉಪಕರಣವೇ ಗತಿ. ಹನ್ನೆರಡು ವರ್ಷಗಳಲ್ಲಿ ಈ ಕತ್ತರಿಸುವವನ ಕಟ್ಟರಿಗೆ ಒಮ್ಮೆಯೂ ಕೆಂಪು ಬಟ್ಟೆ ಕಟ್ಟಿರಲಿಲ್ಲ. ಹೊಸಬರು ಬಂದಾಗ ಮೇಲಿನವರು ಅದನ್ನು ಎತ್ತಿ ತೋರಿಸುತ್ತಿದ್ದರು. "ನೋಡ್ರಪ್ಪ, ಉಪಕರಣ ಇಟ್ಟುಕೊಳ್ಳೋದು ಅಂದ್ರೆ ಹೀಗೆ" ಎನ್ನುತ್ತಿದ್ದರು. ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ. ಆ ಮಾತು ಅವನಿಗೆ ಊಟಕ್ಕಿಂತ ರುಚಿಯಾಗಿತ್ತು.

ಅವನಿಗೊಂದು ಕೆಟ್ಟ ರೂಢಿಯಿತ್ತು. ಗುಂಡಿಯಿಂದ ಗುಂಡಿಗೆ ಹೋಗುವಾಗ ಕಟ್ಟರನ್ನು ಪೈಪಿನಿಂದಲೇ ಹಿಡಿದು ಎತ್ತಿಕೊಂಡು ಹೋಗುತ್ತಿದ್ದ. ಹಾಗೆ ಎತ್ತಬಾರದೆಂದು ಕಲಿತಿದ್ದ. ಆದರೂ ಎತ್ತುತ್ತಿದ್ದ. ಭಾರವೆಲ್ಲ ಪೈಪು ತಲೆಗೆ ಸೇರುವ ಕಡೆ ಬೀಳುತ್ತಿತ್ತು. ವರ್ಷಗಳು ಕಳೆದ ಮೇಲೆ ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಒಂದು ಬೆಳಿಗ್ಗೆ ಅಲ್ಲೊಂದು ಎಣ್ಣೆಯ ಹನಿ ಕಂಡಿತು.

ಅವನು ಹನಿಯನ್ನು ಒರೆಸಿದ.

ಮಾರನೆಯ ದಿನವೂ ಹನಿ ಇತ್ತು. ಅಂದೂ ಒರೆಸಿದ. ಅದು ಅವನ ಬೆಳಗಿನ ಕೆಲಸಗಳಲ್ಲಿ ಒಂದಾಯಿತು. ವಾರಕ್ಕೊಮ್ಮೆ ಎಣ್ಣೆ ತುಂಬಿಸುತ್ತಿದ್ದ. ಕಟ್ಟರ್ ಮೊದಲಿಗಿಂತ ಹೆಚ್ಚು ಹೊಳೆಯತೊಡಗಿತು. ನೋಡಿದವರು ಮೊದಲಿಗಿಂತ ಹೆಚ್ಚು ಹೊಗಳಿದರು. ಸೋರುವುದನ್ನು ಕಣ್ಣಿಗೆ ತೋರಿಸುವುದು ಆ ಹನಿಯೊಂದೇ. ಅವನು ಒರೆಸುತ್ತಿದ್ದುದು ಅದನ್ನೇ.

ಆಯುಧಪೂಜೆ ಬಂತು. ಅಂದು ಯಾರೂ ಉಪಕರಣ ಮುಟ್ಟುವ ಹಾಗಿಲ್ಲ. ಎಲ್ಲರೂ ತಮ್ಮ ತಮ್ಮ ಉಪಕರಣಗಳನ್ನು ತೊಳೆದು, ಬಾಳೆಲೆಯ ಮೇಲಿಟ್ಟು, ಕುಂಕುಮ ಹಚ್ಚಿ, ದೀಪ ಬೆಳಗಿದರು. ಕತ್ತರಿಸುವವನ ಕಟ್ಟರ್ ನಡುವಿನಲ್ಲಿತ್ತು. ಇಡೀ ದಿನ ಅದನ್ನು ಒರೆಸುವ ಅವಕಾಶ ಅವನಿಗೆ ಸಿಗಲಿಲ್ಲ.

ಸಂಜೆ ಮಂಗಳಾರತಿಗೆ ಬಂದ ಜೋಡಿಸುವವನು ಬಾಳೆಲೆಯ ಮೇಲೆ ಎಣ್ಣೆ ನಿಂತಿರುವುದನ್ನು ಕಂಡ.

"ಅಣ್ಣಾ, ನಿನ್ನ ಪಟ್ಟದ ಆನೆ ಮೂತ್ರ ಮಾಡಿಕೊಂಡಿದೆಯಲ್ಲೋ!"

ಸುತ್ತಲಿನವರು ನಕ್ಕರು. ಕತ್ತರಿಸುವವನೂ ನಕ್ಕ.

"ಅದು ದೀಪದ ಎಣ್ಣೆ ಕಣೋ. ಬತ್ತಿ ಸರಿಮಾಡುವಾಗ ಚೆಲ್ಲಿದೆ," ಎಂದ.

ಜೋಡಿಸುವವನು ನಂಬಿದ. ಹನ್ನೆರಡು ವರ್ಷದಲ್ಲಿ ಅವನು ಈ ಮನುಷ್ಯನ ಬಾಯಲ್ಲಿ ಸುಳ್ಳು ಕೇಳಿರಲಿಲ್ಲ.

ಹಬ್ಬ ಕಳೆದ ಎರಡನೆಯ ದಿನ ಇಬ್ಬರೂ ಒಂದು ಗುಂಡಿಗೆ ಇಳಿದರು. ವಿದ್ಯುತ್ ಇಲ್ಲವೆಂದು ಮೂರು ಸಲ ಪರೀಕ್ಷಿಸಿದರು. ಕತ್ತರಿಸುವವನು ಕೇಬಲ್ಲಿಗೆ ಅಲಗು ಹಿಡಿದ. ಜೋಡಿಸುವವನು ಪಂಪು ಒತ್ತಿದ. ಅವನು ಆಗಲೇ ಕೈಗವಸು ಕಳಚಿದ್ದ. ಅವನ ಕೆಲಸವೆಲ್ಲ ಬೆರಳ ತುದಿಯಲ್ಲಿತ್ತು. ಸುತ್ತಿದ ಟೇಪಿನ ಕೆಳಗೆ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೂ ಆ ಬೆರಳುಗಳಿಗೆ ತಿಳಿಯುತ್ತಿತ್ತು. ಅವನು ಮಾಡಿದ ಒಂದು ಜೋಡಣೆಯೂ ಅಲ್ಲಿಯವರೆಗೆ ಕೆಟ್ಟಿರಲಿಲ್ಲ.

ಅಲಗು ಅರ್ಧಕ್ಕೆ ನಿಂತಿತು.

"ಪೈಪು ಎಲ್ಲೋ ಮಡಚಿಕೊಂಡಿದೆ ಕಾಣುತ್ತೆ, ಅಣ್ಣಾ," ಎಂದ ಜೋಡಿಸುವವನು. ಎಡಗೈಯಿಂದ ಪಂಪಿನ ಹಿಡಿಯನ್ನು ಅದುಮಿಕೊಂಡೇ, ಮಡಿಕೆ ಹುಡುಕಲು ಬಲಗೈಯ ಬೆರಳನ್ನು ಪೈಪಿನುದ್ದಕ್ಕೂ ಸವರುತ್ತ ಬಂದ.

ಸೋರುವ ಪೈಪನ್ನು ಕೈಯಿಂದ ತಡವಬಾರದೆಂದು ಅವನೂ ಕಲಿತಿದ್ದ. ಆದರೆ ಪೈಪು ಸೋರುತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ಕತ್ತರಿಸುವವನಿಗೆ.

ಬೆರಳು ಹತ್ತಿರ ಬರುತ್ತಿರುವುದನ್ನು ಕತ್ತರಿಸುವವನು ನೋಡಿದ. ಮುಟ್ಟಬೇಡ ಎಂಬ ಮಾತು ಅವನ ಬಾಯಿಗೆ ಬಂತು. ಮುಟ್ಟಬೇಡ ಎಂದರೆ ಯಾಕೆ ಎಂದು ಕೇಳುತ್ತಾನೆ. ಆ 'ಯಾಕೆ' ಎಂಬುದಕ್ಕೆ ಏನು ಹೇಳಲಿ ಎಂದು ಅವನು ಒಂದು ಉಸಿರಿನಷ್ಟು ಹೊತ್ತು ಯೋಚಿಸಿದ.

ಅಷ್ಟರಲ್ಲಿ ಬೆರಳು ಬಿರುಕನ್ನು ತಲುಪಿತ್ತು.

ಜೋಡಿಸುವವನು ಕೈಯನ್ನು ಸರಕ್ಕನೆ ಎಳೆದುಕೊಂಡ. ತೋರುಬೆರಳಿನ ತುದಿಯಲ್ಲಿ ಸಾಸಿವೆಯಷ್ಟು ಒಂದು ಚುಕ್ಕೆ ಇತ್ತು. ರಕ್ತ ಬರಲಿಲ್ಲ. ನೋವೂ ಹೆಚ್ಚಿರಲಿಲ್ಲ.

"ಏನೋ ಚುಚ್ಚಿತಲ್ಲ!"

"ಪೈಪಿನ ಒಳಗಿನ ತಂತಿ ಎದ್ದಿರಬೇಕು," ಎಂದ ಕತ್ತರಿಸುವವನು. "ಅಷ್ಟಕ್ಕೇ ಮುಖ ಯಾಕೆ ಹಾಗೆ ಮಾಡ್ತೀಯ? ಮದುವಣಗಿತ್ತಿ ಹಾಗೆ."

ಜೋಡಿಸುವವನು ಬೆರಳನ್ನು ಬಾಯಲ್ಲಿಟ್ಟುಕೊಂಡು ನಕ್ಕ. ಮತ್ತೆ ಕೆಲಸಕ್ಕೆ ಕೂತ.

ಅಷ್ಟು ಒತ್ತಡದ ಎಣ್ಣೆಗೆ ಮನುಷ್ಯನ ಚರ್ಮ ಕಾಗದಕ್ಕಿಂತ ಗಟ್ಟಿಯಲ್ಲ. ಅದು ಸಣ್ಣ ಚುಕ್ಕೆಯಲ್ಲಿ ಒಳಹೊಕ್ಕು ಬೆರಳಿನುದ್ದಕ್ಕೂ ಹರಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ನೋವಿಲ್ಲದಿದ್ದರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಬೇಕು. ಎಣ್ಣೆ ಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಬೇಕು. ಬೆರಳು ಸೀಳಿ ಎಣ್ಣೆ ತೆಗೆಯಲು ಕೆಲವೇ ಗಂಟೆಗಳ ಕಾಲಾವಕಾಶವಿರುತ್ತದೆ. ಕತ್ತರಿಸುವವನಿಗೆ ಇದೆಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಅವನು, ಹೊಕ್ಕಿದ್ದು ಒಂದು ಹನಿಯಷ್ಟೇ ಇರಬಹುದು, ಹೊಕ್ಕಿಲ್ಲದೆಯೂ ಇರಬಹುದು ಎಂದುಕೊಂಡ. ಮಧ್ಯಾಹ್ನ ತಾನೇ ಜೋಡಿಸುವವನನ್ನು ಹತ್ತಿರದ ವೈದ್ಯರ ಬಳಿಗೆ ಕರೆದೊಯ್ದ. ತಂತಿ ಚುಚ್ಚಿದೆ ಎಂದ. ವೈದ್ಯರು ತಂತಿ ಚುಚ್ಚಿದವರಿಗೆ ಕೊಡುವ ಸೂಜಿಮದ್ದು ಕೊಟ್ಟು ಕಳಿಸಿದರು.

ಮಾರನೆಯ ಬೆಳಿಗ್ಗೆ ಕೈ ಮಣಿಕಟ್ಟಿನವರೆಗೆ ಊದಿಕೊಂಡಿತ್ತು. ಬೆರಳು ಬೂದಿಯ ಬಣ್ಣಕ್ಕೆ ತಿರುಗಿತ್ತು. ದೊಡ್ಡ ಆಸ್ಪತ್ರೆಯ ವೈದ್ಯರು ನೋಡಿದೊಡನೆ ಕೇಳಿದರು.

"ಇದು ಎಣ್ಣೆ. ನಿನ್ನೆಯೇ ಯಾಕೆ ಹೇಳಲಿಲ್ಲ?"

"ನಮಗೆ ಗೊತ್ತಿರಲಿಲ್ಲ, ಸ್ವಾಮಿ," ಎಂದ ಜೋಡಿಸುವವನು.

ಕತ್ತರಿಸುವವನು ಬಾಗಿಲ ಬಳಿ ನಿಂತಿದ್ದ. ಜೋಡಿಸುವವನು 'ನನಗೆ' ಎನ್ನದೆ 'ನಮಗೆ' ಎಂದದ್ದು ಇವನ ಕಿವಿಗೆ ಬಿತ್ತು.

ಎರಡು ಬೆರಳುಗಳನ್ನು ತೆಗೆದರು. ಹೆಬ್ಬೆರಳು ಉಳಿಯಿತು, ಆದರೆ ಮಡಚಲು ಬರುತ್ತಿರಲಿಲ್ಲ. ಟೇಪಿನ ಕೆಳಗಿನ ಮರಳಿನ ಕಣವನ್ನು ಕಾಣುತ್ತಿದ್ದ ಕೈ ಅನ್ನದ ತುತ್ತನ್ನು ಬಾಯಿಗೆ ತರಲೂ ಆರು ತಿಂಗಳು ತೆಗೆದುಕೊಂಡಿತು. ಆಮೇಲೆ ಮೇಲಿನವರು ಅವನನ್ನು ಸ್ಟೋರಿಗೆ ಹಾಕಿದರು. ಅವನು ರಿಪೇರಿ ಕಲಿತ. ಕೆಂಪು ಬಟ್ಟೆ ಕಟ್ಟಿಕೊಂಡು ಬಂದ ಉಪಕರಣಗಳನ್ನು ಸರಿಮಾಡಿ ಗಂಟು ಬಿಚ್ಚುವುದು ಅವನ ಕೆಲಸವಾಯಿತು. ಬೆರಳಿನಿಂದ ಗಂಟು ಬಿಚ್ಚಲಾಗುತ್ತಿರಲಿಲ್ಲ. ಹಲ್ಲಿನಿಂದ ಬಿಚ್ಚುತ್ತಿದ್ದ.

ಪೈಪು ಹೇಗೆ ಒಡೆಯಿತೆಂದು ವಿಚಾರಿಸಿದ್ದರು. ಅಂದೇ ಒಡೆಯಿತು ಎಂದು ಕತ್ತರಿಸುವವನು ಹೇಳಿದ್ದ. ಹೊಳೆಯುವ ಕಟ್ಟರನ್ನು ನೋಡಿ ಅವರೂ ಒಪ್ಪಿದ್ದರು. ಹೊಸ ಪೈಪು ಹಾಕಿಸಿ ಅವನ ಕೈಗೇ ಕೊಟ್ಟಿದ್ದರು.

ಒಂದು ವರ್ಷ ಕಳೆಯಿತು. ಮತ್ತೆ ಒಂದು ಬೆಳಿಗ್ಗೆ ಪಂಪಿನ ಬುಡದಲ್ಲಿ ಒಂದು ಹನಿ ಕಂಡಿತು. ಈ ಸಲ ಕತ್ತರಿಸುವವನು ಒರೆಸಲಿಲ್ಲ. ಆ ಕ್ಷಣವೇ ಕೆಂಪು ಬಟ್ಟೆ ಕಟ್ಟಿ, ಕಟ್ಟರನ್ನು ಮಗುವಿನಂತೆ ಎರಡು ಕೈಯಲ್ಲಿ ಎತ್ತಿಕೊಂಡು ಸ್ಟೋರಿಗೆ ಹೋದ. ಜೋಡಿಸುವವನು ಎದ್ದು ಬಂದು ಅದನ್ನು ಇಳಿಸಿಕೊಂಡ. ಬುಡವನ್ನು ನೋಡಿದ. ಹನಿಯನ್ನು ಕಂಡ.

"ಒಂದೇ ಹನಿಗೆ ತಂದುಬಿಟ್ಟೆಯಲ್ಲ ಅಣ್ಣಾ! ನಿನ್ನಂಥ ಎಚ್ಚರದವನು ಎಲ್ಲೂ ಇಲ್ಲ," ಎಂದ. "ಅವತ್ತಿನ ಪೈಪೂ ಒಡೆಯುವ ಮೊದಲು ಹೀಗೆ ಒಂದು ಹನಿ ತೋರಿಸಿದ್ದಿದ್ದರೆ, ನೀನು ನನ್ನನ್ನು ಉಳಿಸಿಬಿಡುತ್ತಿದ್ದೆ."

ಜೋಡಿಸುವವನು ರಿಪೇರಿ ಮುಗಿಸಿ, ಬಗ್ಗಿ, ಗಂಟಿಗೆ ಹಲ್ಲು ಹಾಕುವುದನ್ನು ಕತ್ತರಿಸುವವನು ನೋಡುತ್ತ ನಿಂತ.

ಬೋರಲಿಂಗಯ್ಯ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿವಮಾದು ತನ್ನ ತೊಡೆಯ ಮೇಲಿದ್ದ ಕಟ್ಟರನ್ನು ನೋಡಿದ. ಪೈಪು ತಲೆಗೆ ಸೇರುವ ಕಡೆ, ಅವನು ಈಗತಾನೆ ಒರೆಸಿದ್ದ ಜಾಗದಲ್ಲಿ, ಮತ್ತೊಂದು ಹನಿ ಮೂಡಿತ್ತು. ನಾಳೆಯಿಂದ ಅವನ ಜೊತೆ ಗುಂಡಿಗಿಳಿದು ಪಂಪು ಒತ್ತಬೇಕಾದವನು ಹೊರಗೆ ಯಾರನ್ನೋ ರೇಗಿಸುತ್ತ ನಗುತ್ತಿದ್ದ. ಆ ನಗು ಒಳಗೆ ಕೇಳುತ್ತಿತ್ತು.

"ಮೇಷ್ಟ್ರೇ, ಆ ಒರೆಸುತ್ತಿದ್ದವನಿಗೆ ಕೊನೆಗೆ ಏನಾಯಿತು?"

ಗುರು ಗೋಡೆಯ ಮೊಳೆಯಿಂದ ಒಂದು ಕೆಂಪು ಬಟ್ಟೆ ತೆಗೆದು ಅವನ ಮುಂದಿಟ್ಟರು.

"ಅವನ ಕೈಬೆರಳು ಈಗಲೂ ಹತ್ತು."