ಹೆಸರು ಹಾಕಿಸಿದ ಕಡಗ

ಹೊಳೆಯ ಈಚೆ ದಂಡೆಗೆ ಮೋನಪ್ಪಜ್ಜನ ಮಠ. ಮಠ ಅಂದರೆ ಮಹಾ ಏನಲ್ಲ. ಮೂರು ಕೋಣೆ, ಒಂದು ಗದ್ದುಗೆ, ಅಂಗಳದಲ್ಲಿ ಒಂದು ಬೇವಿನ ಮರ.

ಅಜ್ಜ ಮೊದಲು ಪತ್ತಾರಿಕೆ ಮಾಡುತ್ತಿದ್ದವನು. ಬೆಳ್ಳಿ ಬಂಗಾರ ತಿದ್ದಿದ ಕೈ. ಯಾವಾಗಲೋ ಕುಲುಮೆ ಆರಿಸಿ ಬಂದು ಇಲ್ಲಿ ಕೂತ. ಆಮೇಲೆ ಮಾತನ್ನೂ ಗುಂಜಿ ತೂಕದಲ್ಲೇ ಆಡತೊಡಗಿದ.

ಅವನ ಶಿಷ್ಯರಲ್ಲಿ ಹಂಪವ್ವ ಒಬ್ಬಳು. ಐವತ್ತು ದಾಟಿದ ಹೆಂಗಸು. ಹನ್ನೆರಡು ವರ್ಷದಿಂದ ಮಠದಲ್ಲಿದ್ದಳು. ಕಸ ಗುಡಿಸುವುದು, ಗದ್ದುಗೆ ತೊಳೆಯುವುದು, ಹೂ ಕಟ್ಟುವುದು, ಎಲ್ಲವೂ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದಳು.

ಆದರೆ ಯಾರ ಜೊತೆಗೂ ಮಾತಿಲ್ಲ, ಕತೆಯಿಲ್ಲ. ಆಚೆ ದಂಡೆಯ ಊರಿನವರು ದರ್ಶನಕ್ಕೆ ಬಂದರಂತೂ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅವರು ದೋಣಿ ಹತ್ತುವ ತನಕ ಹೊರಗೆ ಬರುತ್ತಿರಲಿಲ್ಲ.

ಅವಳ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿ ಕಡಗ ಇತ್ತು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಮೂರು ಅಕ್ಷರ. ಪುತಳಿ.

ಪುತಳಿ ಅವಳ ತಂಗಿ. ಹೆತ್ತ ಅವ್ವ ಬಾಣಂತಿಯಾಗಿದ್ದಾಗಲೇ ಕಣ್ಣು ಮುಚ್ಚಿದಳು. ಆಗ ಹಂಪವ್ವನಿಗೆ ಹದಿನಾರು. ಕೂಸನ್ನು ಉಡಿಗೆ ಹಾಕಿಕೊಂಡು ಹೆಸರಿಟ್ಟವಳೂ ಅವಳೇ, ಬೆಳೆಸಿದವಳೂ ಅವಳೇ. ಆ ಗಡಿಬಿಡಿಯಲ್ಲಿ ತನ್ನ ಮದುವೆಯ ವಯಸ್ಸು ದಾಟಿಹೋದದ್ದು ಅವಳಿಗೆ ತಿಳಿಯಲೂ ಇಲ್ಲ.

ದಿನಾ ಮುಂಜಾನೆ ಅಜ್ಜನ ಪೂಜೆ ಮುಗಿದ ಮೇಲೆ ತಾಟಿನಲ್ಲಿ ಉಳಿದ ಒಂದು ಚಿಟಿಕೆ ವಿಭೂತಿ ತರುತ್ತಿದ್ದಳು. ಕೋಣೆಯ ಬಾಗಿಲು ಮುಂದಕ್ಕೆಳೆದುಕೊಂಡು ಕಡಗ ತಿಕ್ಕುತ್ತಿದ್ದಳು. ವಿಭೂತಿಗೆ ಹೊಳೆದಷ್ಟು ಬೆಳ್ಳಿ ಇನ್ನಾವುದಕ್ಕೂ ಹೊಳೆಯುವುದಿಲ್ಲ. ಆಮೇಲೆ ಮೆತ್ತನೆಯ ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಡುತ್ತಿದ್ದಳು.

ತಾನು ಹಾಕಿಕೊಳ್ಳುತ್ತಿರಲಿಲ್ಲ. ಇನ್ನೊಬ್ಬರ ಹೆಸರಿನ ಒಡವೆ ಹೇಗೆ ಹಾಕಿಕೊಳ್ಳುವುದು?

ಒಂದು ಮುಂಜಾನೆ ತಿಕ್ಕಿ ಒರೆಸಿ ನೋಡುತ್ತಾಳೆ, ನಡುವಿನ ಅಕ್ಷರ ಇಲ್ಲ. ಕಿಟಕಿಯ ಬಿಸಿಲಿಗೆ ಹಿಡಿದಳು. ಇಲ್ಲ. ಬೆರಳಾಡಿಸಿದಳು. ಇದೆಯೋ ಇಲ್ಲವೋ ಅನ್ನುವಷ್ಟು ತಗ್ಗು. ಉಳಿದ ಎರಡೂ ಇವತ್ತೋ ನಾಳೆಯೋ ಅನ್ನುವ ಹಾಗಿದ್ದವು.

ಲೋಕದಲ್ಲಿ ಆ ಹೆಸರು ಉಳಿದಿದ್ದದ್ದೇ ಅದೊಂದು ಕಡಗದ ಮೇಲೆ ಎಂದು ಅವಳು ತಿಳಿದಿದ್ದಳು.

ಅಜ್ಜ ಬೇವಿನ ಮರದ ಕೆಳಗೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ.

"ಅಜ್ಜಾರ, ಹೆಸರು ಅಳಿಸಿ ಹೊಂಟೈತ್ರಿ."

"ಯಾರದು?"

ಹನ್ನೆರಡು ವರ್ಷದಲ್ಲಿ ಮೊದಲ ಸಲ ಹಂಪವ್ವ ಆ ಕಡಗವನ್ನು ಇನ್ನೊಬ್ಬರ ಕೈಗೆ ಕೊಟ್ಟಳು. ಅಜ್ಜ ಹಳೆಯ ರೂಢಿಯಂತೆ ಅಂಗೈಯಲ್ಲಿ ತೂಗಿ ನೋಡಿದ. ಬೆಳಕಿಗೆ ಹಿಡಿದು ತಿರುಗಿಸಿದ. ತಿರುಗಿ ಅವಳ ಕೈಗೇ ಕೊಟ್ಟ.

"ಇದು ಉಳೀಬೇಕಂದ್ರ ಏನ್ ಮಾಡ್ಲಿರಿ?"

"ಕರಿ," ಅಂದ ಅಜ್ಜ. ಮತ್ತೆ ಮೊರ ಎತ್ತಿಕೊಂಡ.

ಹಂಪವ್ವ ಕೋಣೆಗೆ ಓಡಿದಳು. ಹಣತೆ ಹಚ್ಚಿ, ಅದರ ಮೇಲೆ ಹಿತ್ತಾಳೆಯ ತಾಟು ಬೋರಲು ಹಾಕಿ ಕಾಡಿಗೆ ಹಿಡಿದಳು. ಒಂದು ಹನಿ ಔಡಲೆಣ್ಣೆ ಕಲಸಿ ಅಕ್ಷರದ ಚುಕ್ಕಿಗಳಿಗೆ ತುಂಬಿದಳು. ಮೇಲೆ ಹರಡಿದ್ದನ್ನು ಹುಷಾರಾಗಿ ಒರೆಸಿದಳು.

ಬೆಳ್ಳಿಯ ಮೇಲೆ ಕಪ್ಪಗೆ, ಮಸುಕಾಗಿಯಾದರೂ, ತಂಗಿಯ ಹೆಸರು ಮೂಡಿತು. ಹಂಪವ್ವ ಅದನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ಗುರು ಅಂದರೆ ಹೀಗಿರಬೇಕು, ಒಂದೇ ಮಾತಿನಲ್ಲಿ ಔಷಧ ಹೇಳಿದ ಎಂದುಕೊಂಡಳು.

ಮೂರನೆಯ ದಿನ ಕಾಡಿಗೆಯೆಲ್ಲ ಸುತ್ತಿದ ಅರಿವೆಗೆ ಬಳಿದಿತ್ತು. ಮತ್ತೆ ಹಚ್ಚಿದಳು. ಮತ್ತೆ ಹೋಯಿತು. ನಾಲ್ಕನೆಯ ಸಲಕ್ಕೆ ನಡುವಿನ ಅಕ್ಷರ ಮಸಿಯನ್ನೇ ಹಿಡಿಯಲಿಲ್ಲ. ಹಿಡಿಯಲು ಅಲ್ಲಿ ತಗ್ಗೇ ಉಳಿದಿರಲಿಲ್ಲ.

"ಅಜ್ಜಾರ, ಕರಿ ನಿಂದ್ರವಲ್ದರಿ."

"ಎಷ್ಟ್ ಸರ್ತಿ ಕರದಿ?"

"ನಾಕ್ ಸರ್ತಿ ಹಚ್ಚೀನ್ರಿ."

"ಹಚ್ಚೀದಿ?"

ಹಂಪವ್ವ ಮಸಿಯಾದ ಬೆರಳುಗಳನ್ನು ಮುಂದೆ ಹಿಡಿದಳು. ಅಜ್ಜ ಆ ಬೆರಳು ನೋಡಿದ, ಅವಳ ಮುಖ ನೋಡಿದ. ಆಮೇಲೆ ನಗತೊಡಗಿದ. ಕೆಮ್ಮು ಬರುವ ತನಕ ನಕ್ಕು ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡ.

"ಹಂಪವ್ವಾ, ನಾ ಬಣ್ಣ ಹೇಳಿರಲಿಲ್ಲ. ಕೆಲಸ ಹೇಳಿದ್ದೆ."

ತಪ್ಪು ಅವಳದೂ ಅಲ್ಲ ಬಿಡಿ. ಆ ಸೀಮೆಯ ಬಾಯಲ್ಲಿ ಕಪ್ಪಿಗೂ ಕರಿ, ಕೂಗಿ ಕರೆಯುವುದಕ್ಕೂ ಕರಿ. ಅಡುಗೆಮನೆಯವರ ಕಿವಿಗೆ ಬಿದ್ದಿದ್ದರೆ ಬಾಣಲೆಗೆ ಎಣ್ಣೆ ಸುರಿದುಬಿಡುತ್ತಿದ್ದರು.

ಹಂಪವ್ವನಿಗೆ ನಗು ಬರಲಿಲ್ಲ.

"ಕರೀಬೇಕಂದ್ರ ಓ ಅನ್ನಾವ್ರು ಇರಬೇಕ್ರಿ."

"ಇಲ್ಲೇನು?"

ಅವಳು ಹೊಳೆಯ ಆಚೆಗೆ ನೋಡಿದಳು. ಆಚೆ ದಂಡೆಯಲ್ಲಿ ಒಂದು ಊರು. ಊರ ಅಂಚಿಗೆ ಹೆಂಚಿನ ಒಂದು ಮನೆ. ಹಂಪವ್ವ ಹನ್ನೆರಡು ವರ್ಷದ ಹಿಂದೆ ಎಷ್ಟೋ ಮಠಗಳನ್ನು ಬಿಟ್ಟು ಈ ಮಠಕ್ಕೇ ಬಂದದ್ದು ಇಲ್ಲಿಂದ ಆ ಹೆಂಚು ಕಾಣುತ್ತದೆಂದು. ಇದನ್ನೂ ಅವಳು ಯಾರಿಗೂ ಹೇಳಿರಲಿಲ್ಲ.

ಅವತ್ತು ಹೇಳಿದಳು.

ತಂಗಿಯನ್ನು ಆ ಮನೆಗೆ ಕೊಟ್ಟರು. ಸೊಸೆಯ ಹೆಸರು ಬದಲಿಸುವುದು ಆ ಮನೆಯ ಪದ್ಧತಿ. ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೊಸ ಹೆಸರು ಬರೆಸಿದರು. ಸುಮಿತ್ರಾ. ಅಂದಿನಿಂದ ಅಲ್ಲಿ ಯಾರೂ ಅವಳನ್ನು ಪುತಳಿ ಎಂದು ಕರೆಯಲಿಲ್ಲ.

ತಂಗಿ ಬಸುರಿಯಾದಳು. ಏಳು ತಿಂಗಳಿಗೆ ಕುಬುಸದ ಕಾರ್ಯ. ಹಂಪವ್ವ ಪತ್ತಾರನ ಅಂಗಡಿಗೆ ಹೋಗಿ ಒಂದು ಇಡೀ ದಿನ ಕೂತಳು. ತೆಳ್ಳಗಿನದು ಬೇಡ ಅಂದಳು. ಹೂವಿನ ಕೆತ್ತನೆಯದು ಬೇಡ, ಸೀರೆಯ ಜರಿಗೆ ಸಿಕ್ಕಿಕೊಳ್ಳುತ್ತದೆ. ಬಾಯಿ ಬಿಟ್ಟ ಕಡಗ ಆರಿಸಿದಳು. ಕೈ ದಪ್ಪಾದರೆ ಹಿಗ್ಗಿಸಬಹುದು, ಸಣ್ಣಗಾದರೆ ಒತ್ತಬಹುದು.

ಹೆಸರು ಹಾಕಿಸಬೇಕು ಅಂದಾಗ ಪತ್ತಾರ ಕೇಳಿದ್ದ, "ಒಳಮೈಗೆ ಹಾಕ್ಲೇನವ್ವಾ? ಸವೆಯೂದಿಲ್ಲ, ಚರ್ಮಕ್ಕ ಹತ್ತಿರಾನೂ ಇರ್ತೈತಿ."

"ಹೊರಗ ಹಾಕು," ಅಂದಿದ್ದಳು ಹಂಪವ್ವ.

ಕುಬುಸದ ದಿನ ತುಂಬಿದ ಮನೆಯಲ್ಲಿ, ಎಲ್ಲರೆದುರು, ತಂಗಿಯ ಕೈಗೆ ಕಡಗ ಹಾಕಿದಳು. ತಂಗಿಯ ಅತ್ತೆ ಆ ಕೈ ಹಿಡಿದು ಅಕ್ಷರಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು.

"ಪು, ತ, ಳಿ. ಈ ಹೆಸರಿನವ್ರು ನಮ್ಮ ಮನ್ಯಾಗ ಯಾರೂ ಇಲ್ಲಲ್ಲವ್ವಾ?"

ತಂಗಿ ಕಡಗ ತೆಗೆದು ಅಕ್ಕನ ಅಂಗೈಗೆ ಇಟ್ಟಳು.

"ಅಕ್ಕಾ, ಆ ಹೆಸರು ಈಗ ನಂದಲ್ಲ."

ಹಂಪವ್ವ ಎದ್ದಳು. ಎಲೆಗೆ ಕೂಡಲಿಲ್ಲ, ನೀರು ಮುಟ್ಟಲಿಲ್ಲ. ಹೊಳೆ ದಾಟಿ ಬಂದುಬಿಟ್ಟಳು.

ಅಜ್ಜ ಎಲ್ಲ ಕೇಳಿದ. ಜೋಳದಲ್ಲಿ ಸಿಕ್ಕ ಒಂದು ಕಲ್ಲನ್ನು ಆಚೆ ಎಸೆದ.

"ಹೆಸರು ಹೊರಗ್ಯಾಕ ಹಾಕಿಸಿದಿ?"

"ನಾಕ್ ಮಂದಿಗೆ ಕಾಣ್ಲಿ ಅಂತ್ರಿ."

"ಕಂಡಿತಲ್ಲ."

ಅಜ್ಜ ಮೊರ ಬದಿಗಿಟ್ಟ.

"ಹೆಸರಿಟ್ಟಾಕಿ ಯಾರು?"

"ನಾನರಿ."

"ಕಡಗ ಆರಿಸಿದಾಕಿ?"

"ನಾನರಿ."

"ಹನ್ನೆರಡ ವರ್ಷ ತಿಕ್ಕಿದಾಕಿ?"

"ನಾನರಿ."

"ಮತ್ತ ಇದರಾಗ ನಿನ್ನ ತಂಗಿ ಎಲ್ಲಿದಾಳ?"

ಹಂಪವ್ವನಿಗೆ ಸಿಟ್ಟು ಬಂತು. ಕಡಗ ಸೆರಗಿಗೆ ಕಟ್ಟಿಕೊಂಡು ಎದ್ದು ಹೋದಳು. ಎರಡು ದಿನ ಅಜ್ಜನ ಮುಂದೆ ಸುಳಿಯಲಿಲ್ಲ. ಹೂ ಕಟ್ಟಿ ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. ಅಜ್ಜನೂ ಕರೆಯಲಿಲ್ಲ.

ಆ ಎರಡು ದಿನ ಅವಳಿಗೆ ತಾನು ಎಷ್ಟು ಒಂಟಿ ಎಂಬುದು ಗೊತ್ತಾಯಿತು. ಇಷ್ಟು ವರ್ಷ ಪೆಟ್ಟಿಗೆಯಲ್ಲಿ ಯಾರೋ ಇದ್ದಾರೆ ಎಂದುಕೊಂಡು ಬದುಕಿದ್ದಳು. ಈಗ ಪೆಟ್ಟಿಗೆ ತೆಗೆದರೆ ಒಂದು ಬೆಳ್ಳಿ ತುಂಡು, ಎರಡೂವರೆ ಅಕ್ಷರವೂ ಇಲ್ಲ. ನಾಳೆ ತಾನು ಸತ್ತರೆ ಹೇಳಿ ಕಳಿಸಲು ಒಂದು ಮನೆಯಿಲ್ಲ.

ಎರಡನೆಯ ದಿನದ ಇಳಿಹೊತ್ತಿಗೆ ಹೊಳೆಯ ದಂಡೆಗೆ ಹೋದಳು. ಸುತ್ತ ಯಾರೂ ಇರಲಿಲ್ಲ. ಕರೆದು ನೋಡೋಣ ಎಂದು ಬಾಯಿ ತೆರೆದಳು. ಹೆಸರು ಬರಲಿಲ್ಲ.

ಆಗ ಅವಳಿಗೆ ಹೊಳೆಯಿತು. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಸಲವೂ ಅವಳು ಆ ಹೆಸರನ್ನು ಬಾಯಿಂದ ಆಡಿರಲಿಲ್ಲ. ಅಜ್ಜನ ಮುಂದೆಯೂ ತಂಗಿ ಎಂದೇ ಹೇಳಿದ್ದಳು. ಬೆರಳಿಗೆ ಬಾಯಿಪಾಠವಾದ ಹೆಸರು ನಾಲಿಗೆಗೆ ಮರೆತುಹೋಗಿತ್ತು.

ಮಾರನೆಯ ದಿನ ಬೆಳಗಿನ ದೋಣಿ ಹತ್ತಿದಳು.

ದಾರಿಯುದ್ದಕ್ಕೂ ಒಳಗೇ ಅಂದುಕೊಳ್ಳುತ್ತ ಹೋದಳು. ಸುಮಿತ್ರಾ ಅಂತ ಕರೀತೀನಿ. ಅದು ಅವರ ಮನೆ, ಅವರಿಟ್ಟ ಹೆಸರು. ನನ್ನದೇನು ಹೋಗುವುದಿದೆ? ಸುಮಿತ್ರಾ, ಸುಮಿತ್ರಾ. ಆ ಹೆಸರು ಅವಳ ಬಾಯಿಗೆ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಆದರೂ ಬಿಡಲಿಲ್ಲ.

ಹೆಂಚಿನ ಮನೆಯ ಬಾಗಿಲು ತೆರೆದಿತ್ತು. ಒಳಗಿನಿಂದ ರೊಟ್ಟಿ ತಟ್ಟುವ ಸಪ್ಪಳ. ಹಂಪವ್ವ ಕಟ್ಟೆಯ ಕೆಳಗೆ ನಿಂತು ಉಸಿರು ಎಳೆದುಕೊಂಡಳು. ಬಾಯಿ ತೆರೆದಳು.

"ಪುತಳೀ!"

ಕರೆದ ಮೇಲೆ ತಾನೇ ಹೆದರಿದಳು. ಮತ್ತೆ ಅದೇ ತಪ್ಪು ಮಾಡಿದೆನಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

"ಓ," ಅಂದರು ಒಳಗಿನಿಂದ.

ಹನ್ನೆರಡರ ಹುಡುಗಿಯೊಬ್ಬಳು ಹೊರಗೆ ಬಂದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

"ಯಾರ್ ಬೇಕ್ರಿ?"

"ಪುತಳಿ..."

"ನಾನ ಪುತಳಿ. ನೀವ್ಯಾರ್ರಿ?"

ಹುಡುಗಿಯ ಹಿಂದೆ ತಂಗಿ ಬಂದು ನಿಂತಳು. ಕೂದಲು ಅಲ್ಲಲ್ಲಿ ನರೆತಿತ್ತು, ಮೈ ಬತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ಅಕ್ಕನನ್ನೇ ನೋಡಿದಳು. ಓಡಿ ಬಂದು ತಬ್ಬಿಕೊಳ್ಳಲಿಲ್ಲ.

"ಆ ಹೆಸರು ನಂದಲ್ಲ ಅಂದಿದ್ನಿ," ಅಂದಳು ತಂಗಿ. "ಹೊಟ್ಟ್ಯಾಗಿನ ಕೂಸಿಂದು ಅಂತ ಹೇಳೂದಿತ್ತು. ಅತ್ತಿ ಮುಂದ ಹ್ಯಾಂಗ ಹೇಳ್ಲಿ? ಬಾಗಿಲದಾಗ ಒಮ್ಮೆರೆ ಹೊಳ್ಳಿ ನೋಡ್ತೀ, ಸನ್ನೆ ಮಾಡಿ ಕರೀಬೇಕಂತ ನಿಂತಿದ್ನಿ. ನೀ ನೋಡ್ಲೇ ಇಲ್ಲ."

"ಹೇಳಿ ಕಳಸಬೇಕಿಲ್ಲೇನ?"

"ಮಠಕ್ಕ ನಾನ ಬಂದಿದ್ನಲ್ಲ ಅಕ್ಕಾ. ಅತ್ತಿ ಕೂಡ ಹಠ ಹಿಡಿದು ಹೆಸರಿಟ್ಟ ಕೂಸಿನ್ನ ಕಟ್ಟಿಗೊಂಡು ಮೂರ್ ಸರ್ತಿ ಬಂದೆ. ಆಚಿ ದಂಡಿಯವ್ರು ಬಂದ್ರ ನೀ ಎದ್ದು ಹೋಗ್ತೀ ಅಂದ್ರು. ಸಿಟ್ಟು ಇನ್ನೂ ಇಳಿದಿಲ್ಲ ಅಂದ್ಕೊಂಡು ಹೊಳ್ಳಿ ಬಂದೆ."

ಹಂಪವ್ವ ಕಟ್ಟೆಯ ಮೇಲೆ ಕೂತುಬಿಟ್ಟಳು. ತಂಗಿ ನೀರು ತಂದುಕೊಟ್ಟಳು. ಅವಳು ಕುಡಿದಳು.

ಸೆರಗಿನ ಗಂಟು ಬಿಚ್ಚಿ ಕಡಗವನ್ನು ಹುಡುಗಿಯ ಕೈಗೆ ಹಾಕಿದಳು. ದೊಡ್ಡದಾಯಿತು. ಬಾಯಿ ಒತ್ತಿ ಸಣ್ಣದು ಮಾಡಿದಳು, ಸರಿಹೋಯಿತು. ಹುಡುಗಿ ಕೈ ತಿರುಗಿಸಿ ತಿರುಗಿಸಿ ನೋಡಿದಳು.

"ಇದರ ಮ್ಯಾಲ ಏನೋ ಬರದಿತ್ತೇನ್ರಿ ದೊಡ್ಡವ್ವಾ?"

"ಇತ್ತು. ಹೋತು."

"ಹೋಗ್ಲಿ ಬಿಡ್ರಿ," ಅಂದು ಹುಡುಗಿ ಕಡಗದ ಕೈಯಲ್ಲೇ ರೊಟ್ಟಿ ತಟ್ಟಲು ಒಳಗೆ ಹೋದಳು. ಹಿಟ್ಟು ಮೆತ್ತೀತು ಎಂದು ಹಂಪವ್ವ ಹೇಳಬೇಕೆಂದಿದ್ದಳು. ಹೇಳಲಿಲ್ಲ.

ಮೂವರೂ ಕೂತು ಉಂಡರು. ಅಕ್ಕ ತಂಗಿಯರಿಗೆ ಮಾತು ಬೇಗ ಮುಗಿಯಿತು. ಹನ್ನೆರಡು ವರ್ಷ ಒಂದು ಮಧ್ಯಾಹ್ನದಲ್ಲಿ ತುಂಬುವುದಿಲ್ಲ. ಒಬ್ಬರ ಬಟ್ಟಲಿಗೆ ಇನ್ನೊಬ್ಬರು ಮಜ್ಜಿಗೆ ಹಾಕುತ್ತ, ಸಾಕು ಸಾಕು ಅನ್ನುತ್ತ ಕೂತರು. ಆದರೆ ಆ ಮನೆಯಲ್ಲಿ ಕರೆಯುವುದು ಮಾತ್ರ ನಡೆದೇ ಇತ್ತು. ಪುತಳೀ ಚರಿಗಿ ತಾ. ಪುತಳೀ ಆಕಳಿಗೆ ನೀರಿಡು. ಪುತಳೀ ಎಲ್ಲಿ ಹೋದಿ.

ಪ್ರತಿ ಸಲವೂ ಹಂಪವ್ವ ಬೆಚ್ಚಿ ನೋಡುತ್ತಿದ್ದಳು.

ಹೊತ್ತು ಮುಳುಗುವ ಮುಂಚೆ ಅವಳು ಮಠಕ್ಕೆ ಬಂದಳು. ಬರಿಗೈಯಲ್ಲಿ ಅಜ್ಜನ ಮುಂದೆ ಕೂತಳು.

"ಕರದ್ಯಾ?"

"ಕರದೆರಿ."

"ಓ ಅಂದ್ಲಾ?"

"ಅಂದ್ಲರಿ."

ಅಷ್ಟು ಹೇಳುವುದರೊಳಗೆ ಅವಳಿಗೆ ತಡೆಯಲಾಗಲಿಲ್ಲ. ಮೊಳಕಾಲಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

"ಅಜ್ಜಾರ," ಅಂದಳು ಕೊನೆಗೆ, "ದಿನಾ ಮುಂಜಾನಿ ಆ ಹುಡುಗಿ ಹೊಳಿಗೆ ನೀರಿಗೆ ಬರ್ತದಂತ್ರಿ. ದಿನಾ ಮುಂಜಾನಿ ನನ್ನ ತಂಗಿ ಆ ದಂಡಿಗೆ ನಿಂತು ಪುತಳೀ, ಪುತಳೀ ಅಂತ ಕೂಗಿ ಕರೀತಾಳಂತ. ಇಷ್ಟು ವರ್ಷದಾಗ ಒಂದ್ ಸರ್ತೀನೂ ನನಗ ಕೇಳಿಸಲಿಲ್ಲಲ್ಲರಿ. ಈ ಹೊಳಿ ಅಷ್ಟು ದೊಡ್ಡದೇನ್ರಿ?"

ಅಜ್ಜ ಹೊಳೆಯ ಕಡೆ ನೋಡಿದ.

"ಹೊಳಿ ಸಣ್ಣದವ್ವಾ. ನೀ ತಿಕ್ಕೂ ಸಪ್ಪಳ ದೊಡ್ಡದಿತ್ತು."